ಕಸಬರಿಗೆ ಕಡ್ಡಿಯ ಅಳತೆ

ಮೇ ತಿಂಗಳ ಕೊನೆ ಬಂತೆಂದರೆ ಅಂಬುಬಾಯಿಯ ಬುತ್ತಿ ಚೀಲದಲ್ಲಿ ರೊಟ್ಟಿ ಗಂಟಿನ ಪಕ್ಕ ಒಂದು ಕಸಬರಿಗೆ ಕಡ್ಡಿ ಇರುತ್ತದೆ. ಅದು ಅವಳ ಒಬ್ಬಳೇ ಮಗಳು ಅಂಬಿಕಾಳ ಪಾದದ ಅಳತೆ. ನಾಲವಾರದಿಂದ ಶಹಾಬಾದಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುವ ನಮ್ಮ ಹೆಂಗಸರು ಮಕ್ಕಳಿಗೆ ಬೂಟು ತರುವುದು ಹೀಗೆಯೇ. ಮಕ್ಕಳು ಊರಲ್ಲಿ, ಅಂಗಡಿ ಶಹಾಬಾದಿನಲ್ಲಿ. ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಕಡ್ಡಿ ಹಿಡಿದು, ಅಲ್ಲಿಗೆ ಮುರಿದು ಒಯ್ಯುತ್ತಾರೆ. ಅಂಗಡಿಯವನು ಅದನ್ನು ಬೂಟಿನೊಳಗೆ ಇಳಿಸಿ ನೋಡಿ ಕೊಡುತ್ತಾನೆ.

ಅಂಬುಬಾಯಿಯನ್ನು ನಾನು ಚಿಗವ್ವ ಎನ್ನುತ್ತೇನೆ. ನಮ್ಮ ಮನೆ, ಅವರ ಮನೆಗೆ ಗೋಡೆ ಒಂದೇ. ಅವಳು ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕಲ್ಲು ತೊಳೆಯುತ್ತಾಳೆ. ಮಶಿನ್ ಉಜ್ಜಿದ ಕಲ್ಲಿನ ಮೇಲೆ ಪೈಪಿನಿಂದ ನೀರು ಬಿಡಬೇಕು, ಬೂದಿ ಬಣ್ಣದ ರಾಡಿಯನ್ನು ಬಳಿದು ಹಾಕಬೇಕು. ಇಡೀ ದಿನ ಕಾಲು ನೀರಿನಲ್ಲೇ ಇರುತ್ತವೆ. ನಾನೂ ಅಲ್ಲೇ ಕೆಲಸ ಮಾಡುತ್ತೇನೆ. ಒಂದು ಬೇಸಿಗೆ ರಜೆಯಲ್ಲಿ ಅವ್ವನ ಜೊತೆ ಅಲ್ಲಿಗೆ ಹೋಗಿದ್ದೆ. ಸುಮ್ಮನೆ ಕೂರುವ ಬದಲು ಪೈಪು ಹಿಡಿ ಎಂದರು, ಹಿಡಿದೆ. ಶಾಲೆ ತೆರೆದಾಗ ನಾನು ವಾಪಸ್ ಹೋಗಲಿಲ್ಲ. ಯಾರೂ ಹೋಗಬೇಡ ಎಂದಿರಲಿಲ್ಲ. ಅದು ಹಾಗೇ ಆಗಿಹೋಯಿತು.

ಚಿಗವ್ವ ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡಿದವಳು. ಅದಕ್ಕೇ ಅಂಬಿಕಾಳನ್ನು ಅವಳು ಒಂದು ದಿನವೂ ಶಹಾಬಾದಿಗೆ ಕರೆತಂದಿರಲಿಲ್ಲ. "ಆಕಿ ಬರೋದ ಬ್ಯಾಡ, ಆಕಿ ಕಡ್ಡಿ ಬಂದ್ರ ಸಾಕು" ಎನ್ನುತ್ತಿದ್ದಳು.

ಈ ವರ್ಷ ಅಂಬಿಕಾ ಎಂಟನೆಯ ತರಗತಿಗೆ, ಹೊಸ ಶಾಲೆಗೆ ಸೇರಿದಳು. ಮೊದಲ ದಿನದಿಂದಲೇ ಕರಿ ಬೂಟು ಇರಬೇಕು ಎಂದು ಅಲ್ಲಿ ಹೇಳಿದ್ದರು. ಶಾಲೆ ತೆರೆಯುವ ವಾರ ಕೆಲಸ ಬಿಟ್ಟ ಮೇಲೆ ಚಿಗವ್ವ, ನಾನು ಬಜಾರಕ್ಕೆ ಹೋದೆವು. ಪಾಟಿಚೀಲ, ನೋಟ್‌ಬುಕ್ಕು, ಕಂಪಾಸು, ರಿಬ್ಬನ್ ತೆಗೆದುಕೊಂಡು ಕೊನೆಗೆ ಗುಲಾಮ ದಸ್ತಗೀರ ಅವರ ಬೂಟಿನ ಅಂಗಡಿಗೆ ಬಂದಾಗ ಚಿಗವ್ವ ಕಟ್ಟೆ ಹಿಡಿದು ನಿಂತಿದ್ದಳು.

"ಕುಂದ್ರಿ ಅಂಬುಬಾಯಿ," ಎಂದರು ದಸ್ತಗೀರ.

"ಕುಂತ್ರ ಏಳಂಗಿಲ್ಲ ಭಾಯಿ. ರೈಲು ಹೋಗ್ತದ. ಕಡ್ಡಿ ಹಿಡೀರಿ."

"ಇದು ಹೋದ ವರ್ಷದ ಕಡ್ಡೀನೇ ಏನು? ನಿಮ್ಮ ಮಗಳು ಬೆಳ್ಯಾಕತ್ತಿಲ್ಲೇನು?"

"ಇವತ್ತ ನಸಿಕಿನಾಗ ಮುರದದ್ದು ಅದ. ನಿಮಗ ನಗಿ."

ಅವರು ಕಡ್ಡಿಗಿಂತ ತುಸು ದೊಡ್ಡದನ್ನೇ ಆರಿಸಿ ಕೊಟ್ಟರು.

ಊರಿಗೆ ಬಂದ ಮೇಲೆ ಅಂಬಿಕಾ ಹೊರಸಿನ ಮೇಲೆ ಕುಳಿತು ಬೂಟು ಹಾಕಿದಳು. ಕಾಲು ಒಳಗೆ ಹೋಯಿತು. ಎದ್ದು ನಿಂತಾಗ ಮುಖ ಸಣ್ಣದಾಯಿತು. ಎರಡೂ ಬದಿಗೆ ಪಾದ ಒತ್ತುತ್ತಿತ್ತು, ಬೆರಳು ಮುದುಡಿದ್ದವು.

"ಎಣ್ಣಿ ಹಚ್ಚಿ ಸಡಿಲ ಮಾಡ್ಕೊಂತೀನಿ ಬಿಡವ್ವ," ಎಂದಳು ಅಂಬಿಕಾ.

ಒಲೆಯ ಹತ್ತಿರ ಕುಳಿತ ಅಂಬಿಕಾಳ ಅಜ್ಜಿ ಚಿಗವ್ವನನ್ನು ಕೇಳಿದಳು: "ಮಲಗಿದ್ದಾಗ ಅಳದೀಯೇನು? ಮಲಗಿದ ಕಾಲು ಮುದುಡಿರ್ತದ. ಮೈ ಭಾರ ಬಿದ್ದಾಗ ಹರಡ್ತದ."

"ಮತ್ತ ಯಾವಾಗ ಅಳೀಲಿ? ನಾ ಹೋಗೋವಾಗ ಆಕಿ ಮಲಗಿರ್ತಾಳ. ನಾ ಬಂದಾಗ ನನಗ ಕಣ್ಣು ಬಿಡಾಕ ಆಗಂಗಿಲ್ಲ."

ಕಡ್ಡಿ ಉದ್ದ ಹೇಳುತ್ತದೆ, ಅಗಲ ಹೇಳುವುದಿಲ್ಲ. ಇನ್ನು ಹುಡುಗಿಯೇ ಅಂಗಡಿಗೆ ಹೋಗಬೇಕಿತ್ತು. ಶಾಲೆ ತೆರೆಯುವುದು ನಾಡಿದ್ದು. ಲಾರಿಗೆ ಕಲ್ಲು ತುಂಬುವ ದಿನಗಳು, ರಜೆ ಸಿಗುವಂತಿರಲಿಲ್ಲ. ಬೆಳಗಿನ ರೈಲಿಗೆ ಕರೆದುಕೊಂಡು ಹೋದರೆ ಅಂಬಿಕಾ ಸಂಜೆಯವರೆಗೆ ಕಾರ್ಖಾನೆಯಲ್ಲೇ ಕೂರಬೇಕಾಗುತ್ತಿತ್ತು. ಚಿಗವ್ವ ಬೂಟುಗಳನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಆಮೇಲೆ ಹೇಳಿದಳು: "ಮಧ್ಯಾಹ್ನದ ಗಾಡಿಗೆ ಒಬ್ಬಾಕೀನೇ ಬಾ. ಸ್ಟೇಷನ್ನಿನಾಗ ಟಿಕೆಟ್ ಕಿಟಕಿ ಬಲ್ಲಿ ಕುಂದ್ರು. ಯಾರು ಕರದ್ರೂ ಏಳಬ್ಯಾಡ."

"ನೀ ಕರದ್ರ?"

"ನಾ ಕರಿಯಂಗಿಲ್ಲ. ಬಂದು ಕೈ ಹಿಡೀತೀನಿ."

ಮರುದಿನ ಚಿಗವ್ವನ ಪೈಪು ಎರಡು ಸಲ ಕೈತಪ್ಪಿತು. ಲೆಕ್ಕ, ಹಾಜರಿ ನೋಡುವ ಮುನಶಿ ಅಮರನಾಥ ವಿಚಾರಿಸಿದಾಗ, ಮಗಳು ಸ್ಟೇಷನ್ನಿನಲ್ಲಿ ಕಾಯುತ್ತಾಳೆಂದು ಹೇಳಿದಳು. ಅವರು ಕೆಟ್ಟವರಲ್ಲ.

"ಒಬ್ಬಾಕೀನೇ ಯಾಕ ಅಲ್ಲಿ ಕುಂದರ್ಸ್ತಿ? ಇಲ್ಲಿ ನೆರಳದ, ನೀರದ. ಕರ್ಕೊಂಡ್ ಬಾ. ನೀ ಕೆಲಸ ಬಿಡೋತನಕ ನಾಕು ಕಲ್ಲು ತೊಳೀತಾಳ, ಹೊತ್ತೂ ಹೋಗ್ತದ."

ಚಿಗವ್ವ ಪೈಪು ಕೆಳಗಿಟ್ಟಳು. ಕಲ್ಲಿನ ಅಂಚಿನಿಂದ ನೀರು ಸುರಿಯುತ್ತಲೇ ಇತ್ತು.

"ಆಕಿ ಇಲ್ಲಿ ಬರಂಗಿಲ್ಲರಿ ಸಾಹೇಬ್ರ. ಇವತ್ತೂ ಇಲ್ಲ, ರಜಾದಾಗೂ ಇಲ್ಲ."

ಅಷ್ಟು ಹೇಳಿ ನನ್ನ ಕಡೆ ನೋಡಿದಳು. ಕೂಡಲೇ ಮುಖ ತಿರುಗಿಸಿ ಪೈಪು ಎತ್ತಿಕೊಂಡಳು. ನಾನೂ ತಲೆ ತಗ್ಗಿಸಿ ರಾಡಿ ಬಳಿದೆ. ನನಗೆ ಬೇಸರವಾಗಲಿಲ್ಲ.

ಸಂಜೆ ಸ್ಟೇಷನ್ನಿಗೆ ಹೋದಾಗ ಅಂಬಿಕಾ ಹೇಳಿದ ಜಾಗದಲ್ಲೇ ಇದ್ದಳು, ಬೂಟಿನ ಡಬ್ಬಿ ತೊಡೆಯ ಮೇಲೆ. ಚಿಗವ್ವ ಕರೆಯಲಿಲ್ಲ. ಹತ್ತಿರ ಹೋಗಿ ಕೈ ಹಿಡಿದಳು.

ದಸ್ತಗೀರ ಅಂಬಿಕಾಳನ್ನು ಒಂದು ರಟ್ಟಿನ ಮೇಲೆ ನಿಲ್ಲಿಸಿದರು. ಅವಳ ಪಾದ ನೋಡಿ, ಕೆಳಗೆ ಬಾಗಿಲ ಬಳಿ ನಿಂತ ಚಿಗವ್ವನ ಪಾದ ನೋಡಿದರು. "ಅಂಬುಬಾಯಿ, ನೀವೂ ಬರ್ರಿ, ಮಗಳ ಬಾಜೂಕ ನಿಂದರ್ರಿ," ಎಂದರು.

"ನನ್ನ ಕಾಲಿಗೆ ರಾಡಿ ಅದ."

"ರಟ್ಟು ಅದು, ಗಾದಿ ಅಲ್ಲ. ನಿಂದರ್ರಿ."

ಚಿಗವ್ವ ನಿಂತಳು. ನೀರಿಗೆ ಬಿರಿದು ಬಿಳಿಚಿದ ಪಾದ, ಅದರ ಪಕ್ಕ ಅಂಬಿಕಾಳ ಕಪ್ಪು ನುಣುಪು ಪಾದ. ಹಿಮ್ಮಡಿಗೆ ಹಿಮ್ಮಡಿ, ಹೆಬ್ಬೆರಳಿಗೆ ಹೆಬ್ಬೆರಳು, ಅಗಲವೂ ಅಷ್ಟೇ.

"ನೋಡ್ರಿ," ದಸ್ತಗೀರ ನಕ್ಕರು. "ಕಸಬರಿಗಿ ಯಾಕ ಹಾಳ ಮಾಡ್ತೀರಿ? ಮುಂದಿನ ವರ್ಷ ನಿಮ್ಮ ಕಾಲು ತಂದ್ರ ಸಾಕು."

ಚಿಗವ್ವ ನಗಲಿಲ್ಲ. ಎರಡೂ ಪಾದಗಳನ್ನು ನೋಡುತ್ತಾ ನಿಂತಳು. ಮಗಳು ಯಾವಾಗ ಇಷ್ಟಾದಳು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳು ಆ ಕಾಲನ್ನು ನೋಡುತ್ತಿದ್ದುದು ಚಾದರದ ಹೊರಗೆ, ನಸುಕಿನ ಬೆಳಕಿನಲ್ಲಿ.

ದಸ್ತಗೀರ ಒಂದು ಜೋಡು ತೆಗೆದು ಮುಂದಿಟ್ಟರು. ಅಂಬಿಕಾ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, "ಬರಾಬರಿ ಅದ," ಎಂದಳು.

ಚಿಗವ್ವ ರಟ್ಟಿನಿಂದ ಇಳಿದಳು.

"ಬರಾಬರಿ ಬ್ಯಾಡ ಭಾಯಿ. ನಂದ್ಕಿಂತ ದೊಡ್ಡದು ಕೊಡ್ರಿ."

"ಅಂಬುಬಾಯಿ, ಸಡಿಲ ಆಗ್ತದ."

"ಆಗ್ಲಿ. ತುದ್ಯಾಗ ಅರಬಿ ಚಿಂದಿ ತುಂಬ್ಕೊಂತಾಳ. ಇನ್ನಾ ಬೆಳ್ಯಾಕಿ ಇದ್ದಾಳ."

ಅವರು ದೊಡ್ಡದನ್ನು ಕೊಟ್ಟರು. ವಾಪಸ್ ಬರುವ ಗಾಡಿಯಲ್ಲಿ ಅಂಬಿಕಾಳಿಗೆ ಕಿಟಕಿ ಸಿಕ್ಕಿತು. ಚಿಗವ್ವ ನಡುವಿನ ವಾಡಿ ಸ್ಟೇಷನ್ ಬರುವ ಮೊದಲೇ ಮಗಳ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು, ಬಾಯಿ ತುಸು ತೆರೆದಿತ್ತು. ಅಂಬಿಕಾ ಅಲುಗಾಡದೆ ಕುಳಿತು, ಡಬ್ಬಿಯನ್ನು ಕಾಲಿನ ನಡುವೆ ಒತ್ತಿ ಹಿಡಿದಿದ್ದಳು. ನಾಲವಾರ ಬಂದಾಗ ಚಿಗವ್ವನನ್ನು ನಾನೇ ಎಬ್ಬಿಸಿದೆ.