ಬೇಸ್‌ಮೆಂಟಿನಲ್ಲಿ ಒಂದು ಜೈಲು

ಆ ವರ್ಷ ಡೆಟ್ರಾಯಿಟ್ ಸುತ್ತಮುತ್ತ ಕೆಲಸ ಉಳಿಸಿಕೊಂಡ ಎಂಜಿನಿಯರ್ ಕಂಡರೆ ಕೈ ಮುಗಿಯಬೇಕು ಅನ್ನಿಸುತ್ತಿತ್ತು. ಕಾರಿನ ಬಾಗಿಲುಗಳ ನಕ್ಷೆ ಬರೆಯುವ ಕೆಲಸ ಕಳೆದುಕೊಂಡು ನಾನು ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಯಲ್ಲಿ ಎಲ್ಲರ ಮೇಲೂ ಸಿಡುಕುತ್ತ ಕೂತಿದ್ದೆ. ಒಂದು ಶನಿವಾರ ಬೆಳಿಗ್ಗೆ, ಕಾನೂನು ಓದುತ್ತಿದ್ದ ಮಗಳು ಇಬ್ಬರು ಸಹಪಾಠಿಗಳ ಜೊತೆ ಬಂದಳು.

"ಅಪ್ಪ, ವಿ ನೀಡ್ ದ ಬೇಸ್‌ಮೆಂಟ್. ಅಂಡ್ ಯುವರ್ ಮೆಷರಿಂಗ್ ಟೇಪ್."

"ನಮ್ಮನೆ ಬೇಸ್‌ಮೆಂಟ್ ಏನು ಛತ್ರಾನಾ?" ಎಂದು ಗೊಣಗಿದೆ. ಟೇಪ್ ಮಾತ್ರ ತಂದುಕೊಟ್ಟೆ.

ವಿಷಯ ಇಷ್ಟು. ಪಶ್ಚಿಮ ಆಫ್ರಿಕಾದ ಒಬ್ಬ ಹೆಂಗಸು ತನ್ನ ದೇಶದ ಜೈಲಿನಿಂದ ತಪ್ಪಿಸಿಕೊಂಡು ಬಂದು ಇಲ್ಲಿ ಆಶ್ರಯ ಕೇಳಿದ್ದರು. ಜೈಲಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುತ್ತಿದ್ದರಂತೆ. ಹಾಗಿದ್ದಮೇಲೆ ಒಳಗಿನ ದಾರಿಯನ್ನು ಇಷ್ಟು ವಿವರವಾಗಿ ಹೇಳಲು ಹೇಗೆ ಸಾಧ್ಯ, ಇದು ಕಟ್ಟುಕತೆ ಎಂದು ಅರ್ಜಿ ತಿರಸ್ಕಾರವಾಗಿತ್ತು. ಕೇಸು ಮತ್ತೆ ತೆರೆಯದಿದ್ದರೆ ಅದೇ ದೇಶಕ್ಕೆ ವಾಪಸ್. ಅದೇ ಜೈಲಿನಲ್ಲಿದ್ದು ಈಗ ಕೆನಡಾ ಸೇರಿದ್ದ ಒಬ್ಬರನ್ನು, ಕಾಲೇಜಿನ ಕಾನೂನು ನೆರವು ಕೇಂದ್ರದಿಂದ ಆಕೆಯ ಕೇಸು ಹಿಡಿದಿದ್ದ ಈ ಮಕ್ಕಳು ಪತ್ತೆಹಚ್ಚಿ, ಅವರಿಂದ ಒಂದು ನಕ್ಷೆ ಬರೆಸಿಕೊಂಡಿದ್ದರು. ಆಶ್ರಯ ಕೇಳಿದ್ದ ಆಕೆ ಅದನ್ನು ನೋಡಿರಲಿಲ್ಲ. ಕಣ್ಣು ಕಟ್ಟಿದರೂ ಆಕೆ ಆ ದಾರಿಯಲ್ಲಿ ನಡೆಯಬಲ್ಲರು ಎಂದು ವಿಡಿಯೊದಲ್ಲಿ ತೋರಿಸುವುದು ಇವರ ಯೋಜನೆ.

ನಕ್ಷೆಯಂತೆ ಅಳೆದು ಕಾರ್ಪೆಟ್ ಮೇಲೆ ನೀಲಿ ಟೇಪ್ ಅಂಟಿಸಿದೆವು. ಮಧ್ಯಾಹ್ನ ಮನೆಗೆ ಬಂದ ಆಕೆ, ಕೆಳಗಿನ ಗೆರೆಗಳು ಕಾಣದಂತೆ, ಮಹಡಿಯ ಮೇಲೇ ನನ್ನ ಹೆಂಡತಿಯ ದುಪಟ್ಟಾವನ್ನು ತಾವೇ ಕಣ್ಣಿಗೆ ಕಟ್ಟಿಕೊಂಡು, ಅವಳ ಕೈ ಹಿಡಿದು ಮೆಟ್ಟಿಲಿಳಿದರು. ಒಬ್ಬ ಹುಡುಗಿ ಕ್ಯಾಮೆರಾ ಹಿಡಿದಳು.

ಆಕೆ ನೀಲಿ ಗೆರೆಗಳ ನಡುವೆ ನೇರವಾಗಿ ನಡೆದರು. ತಿರುವಿಗೆ ಒಂದು ಹೆಜ್ಜೆ ಇರುವಾಗ ನಿಂತುಬಿಟ್ಟರು. ಕೇಳದವರಿಗೂ ಹೆದ್ದಾರಿಯ ಎಕ್ಸಿಟ್ ನಂಬರ್ ಹೇಳುವ ಜಾಯಮಾನ ನನ್ನದು, ಬಾಯಿ ತೆರೆದೇಬಿಟ್ಟಿದ್ದೆ. ಮಗಳು ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಅಮುಕಿದಳು. ನನ್ನ ಒಂದೇ ಮಾತಿಗೆ ಈ ಮಕ್ಕಳ ಆರು ತಿಂಗಳ ಕೆಲಸ ನೀರುಪಾಲಾಗುತ್ತಿತ್ತು.

ಆಕೆ ಇನ್ನೊಂದು ಹೆಜ್ಜೆ ಇಟ್ಟು ಎಡಕ್ಕೆ ತಿರುಗಿದರು. ನಾಲ್ಕು ಹೆಜ್ಜೆ ನಡೆದು, ಇದ್ದಕ್ಕಿದ್ದಂತೆ ತಲೆ ಬಗ್ಗಿಸಿ ಮುಂದೆ ಹೋದರು. ಅಲ್ಲಿ ಏನೂ ಇರಲಿಲ್ಲ. ಚಾವಣಿ ಎಂಟಡಿ ಮೇಲಿದೆ, ನಾನೇ ಹಾಕಿಸಿದ್ದು. ಆಗ ಇನ್ನೊಬ್ಬ ಹುಡುಗಿ ನಕ್ಷೆಯ ಆ ಜಾಗಕ್ಕೆ ಬೆರಳಿಟ್ಟು ನನಗೆ ತೋರಿಸಿದಳು. "ಇಲ್ಲಿ ಬಾಗಿಲು ತಗ್ಗು" ಎಂದು ಬರೆದಿತ್ತು. ನೆಲದ ಟೇಪಿನಲ್ಲಿ ಎತ್ತರ ತೋರಿಸುವುದು ಹೇಗೆ ಎಂದು ನಾವು ಅದನ್ನು ಬಿಟ್ಟಿದ್ದೆವು.

ಕ್ಯಾಮೆರಾ ಹಿಡಿದ ಹುಡುಗಿಯ ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ಅಲುಗಲಿಲ್ಲ. ಎಲ್ಲಿ ಕಲಿತರು ಈ ಮಕ್ಕಳು ಇದನ್ನೆಲ್ಲ?

ಆಕೆ ದುಪಟ್ಟಾ ಬಿಚ್ಚಿ, "ಈಸ್ ಇಟ್ ಇನಫ್?" ಎಂದು ಕೇಳಿದರು. ನಾನಾಗಿದ್ದರೆ ಎಲ್ಲ ಸರಿಹೋಗುತ್ತೆ ಅಂದುಬಿಡುತ್ತಿದ್ದೆ.

"ಐ ಡೋಂಟ್ ನೋ," ಅಂದಳು ಮಗಳು. "ವಿ ವಿಲ್ ಸೆಂಡ್ ಇಟ್ ಟು ದ ಕೋರ್ಟ್ ಆನ್ ಮಂಡೇ."

"ಆ ಟೇಪ್ ಕೀಳ್ರೀ, ಕಾರ್ಪೆಟ್ ಹಾಳಾಗುತ್ತೆ," ಎಂದು ಹೆಂಡತಿ ಚಳಿಗಾಲವೆಲ್ಲ ಹೇಳಿದಳು. ಉತ್ತರ ಬರಲಿ ಅಂದೆ. ಹಿಮ ಕರಗಿದ ಮೇಲೆ ಬಂತು: ಕೇಸು ಮತ್ತೆ ತೆರೆಯಿತು. ಅವತ್ತೇ ಟೇಪ್ ಕೀಳಲು ಕೆಳಗಿಳಿದೆ. ಗೆರೆಗಳ ನಡುವೆ ನಡೆದು, ಎಡಕ್ಕೆ ತಿರುಗಿ, ಆ ಜಾಗಕ್ಕೆ ಬಂದಾಗ ನನ್ನ ತಲೆಯೂ ತಾನಾಗಿ ಬಗ್ಗಿತು.