ಮೂರನೆಯ ರೊಟ್ಟಿ

ಮೊದಲ ಮಗು ದಪ್ಪಗೆ, ಚೆಂದವಾಗಿ, ಉಸಿರಿಲ್ಲದೆ ಹುಟ್ಟಿತ್ತು. ಬಸುರಿನಲ್ಲಿ ನನಗೆ ಸಕ್ಕರೆ ಕಾಯಿಲೆ ಇದ್ದದ್ದು ಆಮೇಲೆ ತಿಳಿಯಿತು. ಎಂಬತ್ತರ ದಶಕದಲ್ಲಿ ಮತ್ತೆ ಬಸುರಾದಾಗ, ಗಂಡನನ್ನು ಮಾನ್ವಿಯ ನೌಕರಿಗೆ ಬಿಟ್ಟು, ಡಾಕ್ಟರಮ್ಮನ ಹತ್ತಿರವಿರಲೆಂದು ರಾಯಚೂರಿನಲ್ಲಿ ಒಂದು ಕೋಣೆ ಹಿಡಿದೆ. ಆಕೆ ಬರೆದುಕೊಟ್ಟ ಚೀಟಿಯಲ್ಲಿ ಸಿಹಿ ಇಲ್ಲ, ಹೊತ್ತಿಗೆ ಎರಡೇ ಜೋಳದ ರೊಟ್ಟಿ, ಪಲ್ಯ ಬೇಕಾದಷ್ಟು. ಮೂತ್ರ ಪರೀಕ್ಷೆ ಮನೆಯಲ್ಲೇ: ಗಾಜಿನ ನಳಿಕೆಯಲ್ಲಿ ನೀಲಿ ಔಷಧಿಗೆ ಕೆಲವು ಹನಿ ಮೂತ್ರ ಹಾಕಿ ಕುದಿಸಬೇಕು. ನೀಲಿ ಉಳಿದರೆ ಸರಿ, ಇಟ್ಟಿಗೆ ಬಣ್ಣವಾದರೆ ಸಕ್ಕರೆ ಏರಿದೆ ಎಂದರ್ಥ.

ಸಿಹಿಯ ಮಾತು ಒಪ್ಪಿದೆ. ರೊಟ್ಟಿಯದನ್ನು ಒಪ್ಪಲಿಲ್ಲ. ಸಿಹಿಯೇ ಇಲ್ಲದ ಜೋಳ ಸಕ್ಕರೆಯಾಗುವುದು ಹೇಗೆ? ಎದುರಾಳಿಯ ಆಧಾರ ಕೇಳು ಎಂದು ಕಾಲೇಜಿನ ಚರ್ಚಾಕೂಟದಲ್ಲಿ ಕಲಿತಿದ್ದೆ. ಡಾಕ್ಟರಮ್ಮನನ್ನು ಮಾತ್ರ ಕೇಳಲಿಲ್ಲ. ಮನಸ್ಸಿನಲ್ಲೇ ವಾದಿಸಿ ಗೆದ್ದುಕೊಂಡೆ.

ಏಳನೇ ತಿಂಗಳಲ್ಲಿ ಉಡಿ ತುಂಬಿ ಕುಬಸದ ಶಾಸ್ತ್ರ ಮಾಡಲು ದೇವದುರ್ಗದಿಂದ ಅವ್ವ, ದೊಡ್ಡವ್ವ, ಇನ್ನೂ ಮೂವರು ಬಂದರು. ಹಸಿರು ಸೀರೆ, ಹಸಿರು ಬಳೆ, ಡಬ್ಬಿ ತುಂಬ ಹೋಳಿಗೆ. ಐವರು ಮುತ್ತೈದೆಯರು ಬಾಯಿಗೆ ತುತ್ತಿಡಬೇಕು. ನಾನು ಬಾಯಿ ತೆರೆಯಲಿಲ್ಲ.

"ಒಂದ್ ತುತ್ತಿಗೆ ಏನಾಗ್ತದ ಬೇ?" ದೊಡ್ಡವ್ವ ಕೇಳಿದಳು.

"ಐದು ಮಂದಿದು ಸೇರಿದ್ರ ಒಂದು ಹೋಳಿಗಿ ಆಗ್ತದ, ದೊಡ್ಡವ್ವ."

"ನಾವೂ ಹಡದೀವಿ. ಯಾವ ಚೀಟಿ ನೋಡಿ ಉಂಡಿದ್ವಿ?"

"ಹಂಗಾರ ಸತ್ತ ಕೂಸು ಎಷ್ಟು ಅನ್ನೋದನ್ನೂ ಹೇಳು ಮತ್ತ."

ಹೇಳಿದ ಮೇಲೆ ನೆನಪಾಯಿತು: ದೊಡ್ಡವ್ವ ಮೂರು ಕೂಸು ಮಣ್ಣಿಗಿಟ್ಟವಳು. ಆಕೆ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

"ಬಿಡ್ರಿ, ಆಕಿ ಓದಿದಾಕಿ," ಅಂದಳು ಅವ್ವ.

ಮಧ್ಯಾಹ್ನದ ಬಸ್ಸಿಗೇ ಐವರೂ ಹೊರಟುಹೋದರು.

ಅವರು ತಂದ ರೊಟ್ಟಿ, ಪುಂಡಿಪಲ್ಯ ಉಳಿದಿದ್ದವು. ಅಳುತ್ತ ತಿಂದೆ. ಮೂರನೆಯದು, ನಾಲ್ಕನೆಯದು, ಐದನೆಯದು. ಸಿಹಿಯಲ್ಲವಲ್ಲ. ಎರಡು ತಾಸಿನ ಮೇಲೆ ನಳಿಕೆ ಕಾಯಿಸಿದರೆ ನೀಲಿ ಹಸಿರಾಯಿತು, ಹಳದಿಯಾಯಿತು, ಇಟ್ಟಿಗೆ ಬಣ್ಣದಲ್ಲಿ ನಿಂತಿತು. ಔಷಧಿ ಕೆಟ್ಟಿರಬಹುದೆಂದು ಇನ್ನೊಮ್ಮೆ ಕಾಯಿಸಿದೆ. ಅದೇ ಬಣ್ಣ. ಹೊಟ್ಟೆಯ ಮೇಲೆ ಕೈಯಿಟ್ಟು, ಕೂಸು ಮಿಸುಕುವವರೆಗೂ ಕೂತೆ. ತಪ್ಪಾಯಿತು ಅನ್ನಲು ಎದುರಿಗೆ ಯಾರೂ ಇರಲಿಲ್ಲ.

ಅಂದಿನಿಂದ ಎರಡೇ ರೊಟ್ಟಿ ಬಡಿದು ಹಿಟ್ಟಿನ ಡಬ್ಬಿ ಮುಚ್ಚುತ್ತಿದ್ದೆ. ಮತ್ತೂ ಹಸಿವಾದರೆ ಸೌತೆಕಾಯಿ, ನೀರು ಮಜ್ಜಿಗೆ. ದೊಡ್ಡವ್ವನಿಗೆ ಕಾಗದ ಬರೆಯಲು ಕೂತಾಗಲೆಲ್ಲ ಎರಡನೇ ಸಾಲಿಗೇ ವಾದ ಶುರುವಾಗುತ್ತಿತ್ತು. ಹರಿದು ಹಾಕುತ್ತಿದ್ದೆ.

ನೋವು ದಿನ ತುಂಬುವ ಮೊದಲೇ ಬಂತು. ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದ ಕೂಡಲೇ ಅತ್ತಳು. ಮಾನ್ವಿಗೂ ದೇವದುರ್ಗಕ್ಕೂ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಆ ಅಳು ಕೇಳಲು ನಮ್ಮವರು ಅಂತ ಅಲ್ಲಿ ಇದ್ದವಳು ನಾನೊಬ್ಬಳೇ.