ಏಳದ ಪಂಕ್ತಿ

ನನ್ನ ಮಾವ ಮಂಟಯ್ಯನವರನ್ನು ರಾವಂದೂರು ಸುತ್ತಿನ ಮದುವೆಗಳಿಗೆ ಯಾರೂ ಉಣ್ಣುವುದಕ್ಕೆಂದು ಕರೆಯುವುದಿಲ್ಲ, ಬಡಿಸುವವರ ಮೇಲೆ ಕಣ್ಣಿಡುವುದಕ್ಕೆಂದು ಕರೆಯುತ್ತಾರೆ. ಹೆಗಲ ಮೇಲಿನ ಟವಲನ್ನು ಸೊಂಟಕ್ಕೆ ಬಿಗಿದು ಪಂಕ್ತಿಯ ತಲೆಯಲ್ಲಿ ನಿಂತರೆಂದರೆ ಊರ ಯಜಮಾನನೂ ಅವರ ಮಾತು ಕೇಳಬೇಕು. "ಲೇ, ಆ ಮೂಲೆ ಅಜ್ಜಂಗೆ ಎಸ್ರು ಬಿದ್ದಿಲ್ಲ ಕಣ್ಲಾ!" ಎಂದು ಅವರು ಕೂಗಿದರೆ ಚಪ್ಪರದ ಆಚೆಗೂ ಕೇಳುತ್ತದೆ. ಅಷ್ಟಿಷ್ಟು ಹೊಲವಿದೆ, ಹೊಗೆಸೊಪ್ಪು ಬೆಳೆಯುತ್ತಾರೆ, ಅದರಲ್ಲಿ ಹೇಳಿಕೊಳ್ಳುವಂಥ ಹೆಸರೇನೂ ಇಲ್ಲ. ಅವರ ಹೆಸರೆಲ್ಲ ಇರುವುದು ಬೇರೆಯವರ ಎಲೆಯ ಮೇಲೆ.

ಅವರಿಗೆ ಅವರದೇ ಕಾನೂನುಗಳುಂಟು. ಕೊನೆಯ ಎಲೆಗೆ ಬಡಿಸುವವರೆಗೆ ಮೊದಲ ಎಲೆಯವರು ಕೈ ಇಡಬಾರದು. ಪಂಕ್ತಿಯಲ್ಲಿ ಹಿರಿಯರು ಏಳುವವರೆಗೆ ಉಳಿದವರು ಏಳಬಾರದು. ಎಲೆ ಮುಂದೆ ಕೂತವರನ್ನು ಎಬ್ಬಿಸಲೇಬಾರದು. ಇನ್ನು ಮಾವ ಕೂರುವುದು ಎಲ್ಲರದೂ ಮುಗಿದ ಮೇಲೆ, ಅಡಿಗೆಯವರ ಜೊತೆ. ಅಷ್ಟು ಹೊತ್ತಿಗೆ ತಣ್ಣಗಾದ ಮುದ್ದೆ ಕಲ್ಲಾಗಿರುತ್ತದೆ. ಅದನ್ನೇ ಮುರಿದುಕೊಂಡು, "ಯಾರ್ದೂ ಮಾತು ಬರ್ನಿಲ್ಲ ಅಲ್ವಾ?" ಎಂದು ಕೇಳುತ್ತಾ ಉಣ್ಣುತ್ತಾರೆ. ಇತ್ತೀಚಿನ ಬಫೆ ಊಟ ಕಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿ. "ನಿಂತ್ಕಂಡು ಮೇಯಕ್ಕೆ ನಾವೇನು ದನವಾ?" ಎಂದು ಮದುವೆ ಮನೆಯವರ ಮುಖಕ್ಕೇ ಹೇಳಿ ಬಂದದ್ದುಂಟು.

ಇಂಥ ಮಾವ ತಮ್ಮ ಕಾನೂನನ್ನು ಒಂದೇ ಒಂದು ಸಲ ಮುರಿದರು. ಅದೂ ನನ್ನ ಮದುವೆಯ ಬೀಗರೂಟದಲ್ಲಿ.

ನನ್ನ ತವರು ಎಚ್.ಡಿ. ಕೋಟೆ ಕಡೆ. ನನ್ನ ಚಿಕ್ಕಪ್ಪಂದಿರು ದಾರಿಯಲ್ಲಿ ಜೀಪು ಕೆಟ್ಟು ತಡವಾಗಿ ಬಂದರು, ಬಂದವರೇ ಹಸಿವು ಹಸಿವು ಎಂದು ಗಲಾಟೆ ಮಾಡಿದರು. ಪಂಕ್ತಿ ತುಂಬಿಹೋಗಿತ್ತು, ಎಲೆಗೆ ಉಪ್ಪು, ಪಲ್ಯ ಬಿದ್ದಾಗಿತ್ತು. ಮಾವನಿಗೆ ಏನು ತೋಚಿತೋ, ಒಬ್ಬರನ್ನಾದರೂ ಕೂರಿಸಲೆಂದು ಮುಂದಿನ ಸಾಲಿನಲ್ಲಿ ಕೂತಿದ್ದ ಸ್ವಂತ ಅಕ್ಕ ಚಿಕ್ಕಬೀರಮ್ಮನ ಹತ್ತಿರ ಹೋಗಿ, "ಅಕ್ಕ, ನೀನು ಮನೆಯೋಳು, ಇನ್ನೊಂದು ಪಂತೀಲಿ ಕೂತ್ಕಂಡ್ರಾಯ್ತು, ಒಸಿ ಏಳು" ಎಂದುಬಿಟ್ಟರು. ಆಕೆ ಎದ್ದರು. ಎಲೆಯನ್ನು ನೀಟಾಗಿ ಮಡಿಸಿದರು. "ನಿನ್ನ ಮನೆ ಎಲೆ ಮುಂದೆ ಇನ್ನು ಕೂತ್ರೆ ಕೇಳು" ಎಂದು ಹೇಳಿ ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತಿ ಕೆ.ಆರ್. ನಗರದ ಹತ್ತಿರದ ತಮ್ಮ ಹಳ್ಳಿಗೆ ಹೋದರು. ಬೀಗರು ಮೊದಲು, ಮನೆಯವರು ಆಮೇಲೆ ಎನ್ನುವುದು ಮಾವನ ವಾದ. ಎಲೆ ಮುಂದಿನಿಂದ ನಾಯಿಯನ್ನೂ ಎಬ್ಬಿಸುವುದಿಲ್ಲ ಎನ್ನುವುದು ಬೀರತ್ತೆಯ ವಾದ. ಇಬ್ಬರದೂ ಸರಿಯೇ, ತೊಂದರೆಯಾದದ್ದೂ ಅದರಿಂದಲೇ. ಈಗ ನನ್ನ ಮಗಳು ಹರ್ಷಿತಾ ಸ್ಕೂಲಿಗೆ ಹೋಗುತ್ತಾಳೆ. ಇಲ್ಲಿಯತನಕ ಬೀರತ್ತೆ ನಮ್ಮ ಮನೆಯಲ್ಲಿ ಒಂದು ಲೋಟ ನೀರು ಮುಟ್ಟಿಲ್ಲ, ತಮ್ಮನ ಜೊತೆ ಒಂದು ಮಾತಾಡಿಲ್ಲ.

ಈಗ ನನ್ನ ನಾದಿನಿ ಶಶಿಯ ಮದುವೆ ಗೊತ್ತಾಗಿದೆ. ಒಂದು ಸಂಜೆ ಮಾವ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಕೂತು, ಯಾರಿಗೋ ಹೇಳುವ ಹಾಗೆ, "ಅಕ್ಕ ಉಣ್ಣದೆ ಇರೋ ಮದ್ವೇಲಿ ನಾನು ಯಾವ ಮಕ ಇಟ್ಕಂಡು ಊರೋರ್ಗೆ ಬಡಿಸ್ಲವ್ವ" ಎಂದರು. ನನ್ನ ಚಿಕ್ಕಪ್ಪಂದಿರ ಹಸಿವಿಗೆ ಮನಸ್ಸಿನಲ್ಲೇ ಬೈದುಕೊಂಡೆ.

ಮಾವನ ಮನೆತನದಲ್ಲಿ ಮದುಮಗಳ ಮಂಚವನ್ನು ಸೋದರತ್ತೆ ಮುಟ್ಟಿ ಒಪ್ಪಬೇಕು. ನನ್ನ ಗಂಡ ಸ್ವಾಮಿ ಅದನ್ನೇ ನೆಪ ಮಾಡಿಕೊಂಡು ಅತ್ತೆಗೆ ಫೋನ್ ಮಾಡಿದರು. ಬಿಳಿಕೆರೆ ಹತ್ತಿರ ಹೆದ್ದಾರಿಯ ಪಕ್ಕ ದೊಡ್ಡದೊಂದು ಪೀಠೋಪಕರಣದ ಅಂಗಡಿ ಆಗಿದೆ. ನಮಗೂ ಒಂದೇ ಬಸ್ಸು, ಕೆ.ಆರ್. ನಗರದಿಂದಲೂ ಒಂದೇ ಬಸ್ಸು. "ಅಂಗ್ಡಿಗಾದ್ರೆ ಬತ್ತೀನಿ. ಅದು ಅವನ ಮನೆ ಅಲ್ವಲ್ಲ" ಎಂದರಂತೆ ಬೀರತ್ತೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಹೋದ ಭಾನುವಾರ ಮಾವ, ಸ್ವಾಮಿ, ಶಶಿ, ನಾನು ನಾಲ್ವರೂ ಹೋದೆವು. ಬೀರತ್ತೆ ಮೊದಲೇ ಬಂದು ಅಂಗಡಿಯ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದರು. ಶಶಿಯ ಗಲ್ಲ ಸವರಿದರು, ನನ್ನ ತಲೆ ನೇವರಿಸಿದರು, ಮಾವನ ಕಡೆ ಕಣ್ಣೂ ಹಾಕಲಿಲ್ಲ. ಒಳಗೆ ಮಂಚಗಳ ನಡುವೆ ಅಕ್ಕ ತಮ್ಮನ ಮಾತುಕತೆ ಶಶಿಯ ಮೂಲಕ ನಡೆಯಿತು.

"ಶಶಿ, ಇದು ಮರವೋ ರಟ್ಟೋ ನೋಡು ಅನ್ನು ನಿಮ್ಮಪ್ಪಂಗೆ."

"ಮರಾನೇ ಅನ್ನವ್ವ ನಿಮ್ಮತ್ತೆಗೆ. ತಟ್ಟಿ ನೋಡಿವ್ನಿ."

"ತಟ್ಟಿದ್ದು ಕೇಳುಸ್ತು. ನಾಕು ಕಾಲು ಸಮ ನಿಂತದಾ ಅಂತ ಕೇಳು."

ಪಕ್ಕಪಕ್ಕದಲ್ಲೇ ನಿಂತವರ ಮಾತನ್ನು ಶಶಿ ಹೊತ್ತು ಹಾಕಿ ಹೊತ್ತು ಹಾಕಿ ಸುಸ್ತಾದಳು. ಅಂಗಡಿಯ ಸೇಲ್ಸ್‌ಮನ್ ಮೂರ್ತಿ ಎಂಬಾತ, ಯಾರಿಗೆ ಉತ್ತರ ಕೊಡಬೇಕೆಂದು ತಿಳಿಯದೆ, ಶಶಿಗೇ ಕೊಡುತ್ತಿದ್ದ. ಕೊನೆಗೆ ಬೀರತ್ತೆ ತೇಗದ ಮಂಚವೊಂದರ ತಲೆಹಲಗೆಯ ಮೇಲೆ ಅಂಗೈ ಇಟ್ಟು, "ಇದೇ ಆಗ್ಲಿ, ತಣ್ಣಗಿರು ಮಗಾ" ಎಂದರು. ಮಂಚ, ಬೀರು ಎಲ್ಲ ಆಯಿತು. ಹೊತ್ತು ಮೀರಿತ್ತು. ಅಂಗಡಿಯ ಮಹಡಿಯಲ್ಲೇ ಕ್ಯಾಂಟೀನಿದೆ ಎಂದು ಮೂರ್ತಿ ಕೈ ತೋರಿಸಿದ.

ಬೀರತ್ತೆ ಚೀಲ ಎತ್ತಿಕೊಂಡು, "ನಂಗೆ ಬಸ್ಸದೆ" ಎಂದರು. ಮಾವ ಗೋಡೆ ನೋಡುತ್ತ ನಿಂತರು. ನಾನೇ ಬಾಯಿ ಹಾಕಿದೆ. "ದೊಡ್ಡತ್ತೆ, ಇದು ನಮ್ಮನೆಯೂ ಅಲ್ಲ, ನಮ್ಮ ಎಲೆಯೂ ಅಲ್ಲ. ಹಸ್ಕೊಂಡು ಯಾಕೋಗ್ತೀರಿ?"

ಆಕೆ ಸ್ವಲ್ಪ ಯೋಚಿಸಿ, "ನನ್ನ ಊಟಕ್ಕೆ ನಾನೇ ಕೊಡ್ತೀನಿ, ಅಂಗಾದ್ರೆ ಬತ್ತೀನಿ" ಎಂದರು. ಆಯಿತು ಎಂದೆವು.

ಮಹಡಿಯ ಕ್ಯಾಂಟೀನಿನಲ್ಲಿ ಗಾಜಿನ ಗೋಡೆ, ಆಚೆ ಹೆದ್ದಾರಿ, ತೆಂಗಿನ ತೋಟ. ಉದ್ದನೆಯ ಮೇಜು, ಎರಡೂ ಕಡೆ ಬೆಂಚು. ಮೇಜಿಗೂ ಬೆಂಚಿಗೂ ಬೆಲೆಯ ಚೀಟಿ ನೇತಾಡುತ್ತಿತ್ತು, ಉಂಡು ಇಷ್ಟವಾದರೆ ಮೇಜನ್ನೂ ಕೊಳ್ಳಬಹುದು. ಇಲ್ಲಿ ಕೂತಲ್ಲಿಗೆ ತಂದು ಬಡಿಸುವವರಿಲ್ಲ, ಚೀಟಿ ತೆಗೆದುಕೊಂಡು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಮಾವ ಆ ಸಾಲನ್ನು ನೋಡಿ ಸಣ್ಣಗಾದರು. ಅದಕ್ಕಿಂತ ಹೆಚ್ಚಾಗಿ, ತಮ್ಮ ಅಕ್ಕ ಖಾಲಿ ತಟ್ಟೆ ಎದೆಗವಚಿಕೊಂಡು ಅಪರಿಚಿತರ ಹಿಂದೆ ನಿಂತದ್ದನ್ನು ನೋಡಲಾರದೆ ಹೋದರು. "ಶಶಿ, ತಟ್ಟೆ ಇಸ್ಕೊಳವ್ವ ಅವಳತ್ರ" ಎಂದು ಪಿಸುಗುಟ್ಟಿದರು. ಶಶಿ ಹೋದಳು, ಬೀರತ್ತೆ ಕೊಡಲಿಲ್ಲ. "ನಂಗೂ ಕೈ ಅವೆ" ಎಂದರು.

ಎಲ್ಲರೂ ಮುದ್ದೆ ಊಟವನ್ನೇ ತೆಗೆದುಕೊಂಡೆವು. ಬೀರತ್ತೆ ಅದೇ ಮೇಜಿನ ತುದಿಯಲ್ಲಿ, ನಮ್ಮಿಂದ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಇನ್ನೊಂದು ತುದಿಯಲ್ಲಿ ಮೈಸೂರಿನ ಕಡೆಯವರಂತೆ ಕಾಣುತ್ತಿದ್ದ ಗಂಡ ಹೆಂಡತಿ ಚಪಾತಿ ತಿನ್ನುತ್ತಿದ್ದರು. ಮಾವ ಅಷ್ಟು ಜನರ ನಡುವೆ ಎಲ್ಲರ ಜೊತೆಗೇ ಕೂತು ಬಿಸಿ ಮುದ್ದೆ ಉಂಡದ್ದನ್ನು ನಾನು ನೋಡಿದ್ದು ಅಂದೇ. ಅವರಿಗೆ ಅದು ರುಚಿಸಿದಂತೆ ಕಾಣಲಿಲ್ಲ. ಬಸ್ಸಾರು ಚೆನ್ನಾಗಿತ್ತು ಎನ್ನುವುದನ್ನು ಮಾತ್ರ ನಾನು ಹೇಳಲೇಬೇಕು.

ನಮ್ಮದೆಲ್ಲ ಮುಗಿಯಿತು. ಬೀರತ್ತೆಗೆ ಹಲ್ಲು ಕಡಿಮೆ, ಅವರ ಮುದ್ದೆ ಇನ್ನೂ ಅರ್ಧ ಇತ್ತು. ಮಂಚ ಸಾಗಿಸುವ ಟೆಂಪೊ ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಸ್ವಾಮಿ ಏಳಲು ಹೋದರು.

"ಕೂತ್ಕಳಲಾ" ಎಂದರು ಮಾವ.

"ಟೆಂಪೊದೋನು ಕೂಗ್ತಾವ್ನೆ ಕಣಪ್ಪ."

"ಕೂಗ್ಲಿ ಬುಡು. ಪಂತಿ ಎದ್ದಿಲ್ಲ."

"ಇದು ಹೋಟ್ಲು! ಪಂತಿ ಎಲ್ಲಿಂದ ಬಂತು?"

"ಯಾವ ಓಟ್ಲಾದ್ರೇನ್ಲಾ? ಒಂದೇ ಸಾಲಲ್ಲಿ ಕುಂತಿಲ್ವಾ? ದೊಡ್ಡೋರು ಇನ್ನೂ ಉಣ್ತಾವ್ರೆ." ಯಾರು ಎಂದು ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಬೀರತ್ತೆಯ ಕೈ ತುತ್ತಿನ ಸಮೇತ ಒಂದು ಗಳಿಗೆ ನಿಂತಿತು. ಮತ್ತೆ ಬಾಯಿಗೆ ಹೋಯಿತು. ಆದರೆ ಅಲ್ಲಿಂದ ಮುಂದೆ ಆಕೆ ಉಂಡ ವೇಗವನ್ನು ಹಲ್ಲಿನ ಮೇಲೆ ಹಾಕುವಂತಿಲ್ಲ. ಹುಣಿಸೆ ಬೀಜದಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ಕಿಟಕಿಯಾಚೆ ಹೋಗುವ ಬಸ್ಸುಗಳನ್ನೆಲ್ಲ ನೋಡಿ, ಆಮೇಲೆ ನುಂಗುತ್ತಿದ್ದರು. ತಮ್ಮ ಎಷ್ಟು ಹೊತ್ತು ಕೂರುತ್ತಾನೋ ನೋಡಿಯೇ ಬಿಡೋಣ ಎಂಬಂತಿತ್ತು. ಅಷ್ಟರಲ್ಲಿ ಮೈಸೂರಿನಾತ ತಟ್ಟೆ ಎತ್ತಿ ಏಳಹೊರಟ. ಮಾವ ಎಡಗೈ ಮುಂದೆ ಮಾಡಿ, "ಒಸಿ ಕೂತ್ಕಳಿ ಸಾರ್, ದೊಡ್ಡೋರುದು ಆಗಿಲ್ಲ" ಎಂದರು. ಆತ ಹೆಂಡತಿಯ ಮುಖ ನೋಡಿದ. ಆಕೆ ನಗು ತಡೆದುಕೊಂಡು ಕೂತಿರಿ ಎಂದು ಸನ್ನೆ ಮಾಡಿದಳು. ಪಾಪ, ಕೂತ.

ಮುದ್ದೆ ಮುಗಿಸಿದ ಬೀರತ್ತೆ, "ಶಶಿ, ನಂಗಿನ್ನೊಸಿ ಅನ್ನ ಬೇಕು" ಎಂದರು. ಶಶಿ ಏಳುವಂತಿಲ್ಲ. ಮಾವ ಕೂತಲ್ಲಿಂದಲೇ, ಚಪ್ಪರದಲ್ಲಿ ಕೂಗುವ ಹಾಗೆ, "ಇತ್ತ ಅನ್ನ ತತ್ತಾರವ್ವಾ!" ಎಂದರು. ಇಡೀ ಕ್ಯಾಂಟೀನು ತಿರುಗಿತು. ನನಗೆ ಮೇಜಿನ ಕೆಳಗೆ ತೂರಿಕೊಳ್ಳುವ ಹಾಗಾಯಿತು.

"ಇಲ್ಲಿಗೇ ಬಂದು ಆಕುಸ್ಕೋಬೇಕು ಯಜಮಾನ್ರೇ" ಎಂದಳು ಬಡಿಸುವ ಕಟ್ಟೆಯ ಹಿಂದಿದ್ದ ಹೆಂಗಸು.

"ಉಣ್ತಾ ಕುಂತೋರ್ನ ಏಳಿಸ್ಬಾರ್ದು ಕಣವ್ವ" ಎಂದರು ಮಾವ. ಈ ಸಲ ಅವರು ಕೂಗಲಿಲ್ಲ. "ನಾನೊಂದ್ಸಲ ಏಳಿಸ್ಬುಟ್ಟು ಅನುಭೋಗುಸ್ತಾ ಇವ್ನಿ. ನೀನೇ ಒಸಿ ತಂದಾಕು ತಾಯಿ."

ಆ ಹೆಂಗಸಿಗೆ ಏನು ಅರ್ಥವಾಯಿತೋ, ಅನ್ನದ ಪಾತ್ರೆ, ಸೌಟು ಹಿಡಿದು ಬಂದಳು. ಬೀರತ್ತೆಗೆ ಬಡಿಸಿದಳು, ಸಾರು ಹಾಕಿದಳು, ಬಿಟ್ಟರೆ ಮೈಸೂರಿನವರ ತಟ್ಟೆಗೂ ಹಾಕುತ್ತಿದ್ದಳು. ಬೀರತ್ತೆ ತಲೆ ತಗ್ಗಿಸಿ ಅನ್ನ ಕಲೆಸಿದರು. ಕಣ್ಣಿನಿಂದ ಒಂದು ಹನಿ ಮೂಗಿನ ತುದಿಗೆ ಇಳಿದು ನಿಂತಿತು, ಸೆರಗಿನಿಂದ ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಮಜ್ಜಿಗೆಯ ಕೊನೆಯ ಗುಟುಕು ಮುಗಿಸಿ ಅವರು ಮಾವನ ಕಡೆ ನೇರವಾಗಿ ತಿರುಗಿದರು. ಶಶಿ ಅಭ್ಯಾಸಬಲದಿಂದ ನಡುವೆ ಬಗ್ಗಿದಳು. "ನೀನು ಅತ್ಲಾಗಿರವ್ವ" ಎಂದರು ಬೀರತ್ತೆ. ಆಮೇಲೆ ತಮ್ಮನಿಗೆ, "ಅವತ್ತು ಇಂಗೇ ಕುಂತಿದ್ರೆ ಆಗ್ತಿರ್ನಿಲ್ವೇನ್ಲಾ ಮಂಟ?"

"ಆಗ್ತಿತ್ತು ಕಣಕ್ಕ." ಮಾವ ತಟ್ಟೆಯನ್ನೇ ನೋಡುತ್ತಿದ್ದರು. "ಅವತ್ತು ಬೀಗ್ರು ಕಂಡ್ರು, ನೀನು ಕಾಣ್ನಿಲ್ಲ. ನಮ್ಮೋಳಲ್ವಾ ಅನ್ಕಂಡೆ."

"ನಿಮ್ಮೋಳಿಗೆ ಹಸಿವಿಲ್ವಾ?"

ಬೀರತ್ತೆ ಎಡಗೈಯಿಂದ ಚೀಲ ಹತ್ತಿರ ಎಳೆದುಕೊಂಡರು, ಆದರೆ ಏಳಲಿಲ್ಲ.

"ಮದ್ವೆ ದಿನ ಮೊದ್ಲ ಪಂತೀಲಿ ಕೂರೋಳು ನಾನು. ನನ್ನ ಪಕ್ಕದ್ ಎಲೆ ನಿಂದು."

ಇದು ಸಣ್ಣ ಮಾತಲ್ಲ. ಮಾವನ ಮುಖದಲ್ಲಿ ಇಡೀ ಚಪ್ಪರ ಓಡಿಹೋದದ್ದು ನನಗೆ ಕಂಡಿತು. ಸಾರು ತಲುಪದ ಮೂಲೆಗಳು, ಉಪ್ಪಿಲ್ಲದ ಎಲೆಗಳು, ಕರೆಯುವ ದನಿಗಳು.

"ಬಡಿಸೋರ್ನ ಯಾರು ನೋಡ್ಕತಾರಕ್ಕ?"

"ಉಣ್ಣೋಕ್ಕೆ ಕುಂತೋನ್ಗೆ ಅದ್ರ ಚಿಂತೆ ಯಾಕ್ಲಾ?"

ಕೆಳಗೆ ಟೆಂಪೊದವನು ಮತ್ತೆ ಹಾರ್ನ್ ಹೊಡೆದ. ಯಾರೂ ಅಲುಗಲಿಲ್ಲ.

"ಕೂರ್ತೀನಿ ಕಣಕ್ಕ" ಎಂದರು ಮಾವ.

"ಸರಿ ಏಳು ಮತ್ತೆ. ಕೈಯೆಲ್ಲ ಒಣಗೋಗದೆ."

"ನೀನೇಳು ಮೊದ್ಲು."

ಬೀರತ್ತೆ ಮೇಜಿಗೆ ಕೈ ಊರಿ ನಿಧಾನವಾಗಿ ಎದ್ದರು. ಆಮೇಲೆ ನಾವೆಲ್ಲ ಎದ್ದೆವು, ಮೈಸೂರಿನವರೂ ಎದ್ದರು.